ಹೇಳಿಕೆ ಬರೆದುಕೊಳ್ಳಲು ಬರುತ್ತಿದ್ದ ಮೇಡಂ

ನನ್ನ ತಮ್ಮನನ್ನು ಜಗಳದಲ್ಲಿ ಕೊಂದವನನ್ನು ಅವಧಿಗೆ ಮುಂಚೆ ಜೈಲಿನಿಂದ ಬಿಡಬಹುದೇ ಎಂದು ಕೇಳಲು ಆ ಪ್ರೊಬೇಷನ್ ಅಧಿಕಾರಿ ಜರಗನಹಳ್ಳಿಯ ನಮ್ಮ ಮನೆಗೆ ವರ್ಷಕ್ಕೊಮ್ಮೆ ಬರುತ್ತಿದ್ದರು. ಫೈಲನ್ನು ಮಡಿಲಲ್ಲಿಟ್ಟು, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡು ಬರೆಯುತ್ತಿದ್ದರು. "ನಿಮ್ಮ ಮಾತೇ ಬರೀತೀನಿ ಸಾರ್, ನಂದಲ್ಲ" ಎನ್ನುತ್ತಿದ್ದರು. ಸಹಿಗೆ ಮುಂಚೆ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು.

ಮೊದಲ ವರ್ಷ, "ಅವನು ಅಲ್ಲೇ ಕೊಳೀಲಿ" ಎಂದೆ. ಅದನ್ನೂ ದನಿ ಏರಿಸದೆ, ಇಳಿಸದೆ ಓದಿದರು. ಎರಡನೆಯ ವರ್ಷವೂ ಅದನ್ನೇ ಬರೆಸಿದೆ.

ಹೊರಡುವ ಮುಂಚೆ ಅವರು ತಮ್ಮನ ಬಗ್ಗೆ ಕೇಳುತ್ತಿದ್ದರು. ಏನು ಇಷ್ಟ ಇತ್ತು, ಹಾಡ್ತಿದ್ರಾ, ತುಂಬಾ ರೇಗಿಸ್ತಿದ್ರಾ ಎಂದು. ನೆಂಟರು ಅವನ ಹೆಸರೆತ್ತುವುದನ್ನೇ ಬಿಟ್ಟಿದ್ದರು.

ಮೂರನೆಯ ವರ್ಷ ನಾನೇ ಕೇಳಿದೆ. "ಒಳಗೆ ಏನ್ಮಾಡ್ತಾನೆ ಮೇಡಂ ಅವನು?"

"ಬೇಕರಿ ಕೆಲಸ ಕಲ್ತಿದಾನೆ. ಮೊದಲು ಬರೀ ಸೀದ ಬ್ರೆಡ್ಡೇ ಅಂತೆ. ಈಗ ಹೊಸಬರಿಗೆ ಅವನೇ ಮೇಷ್ಟ್ರು."

ನನಗೆ ನಗು ಬಂತು. ಆದರೂ, "ಆಕ್ಷೇಪಣೆ ಇದೆ, ಬರ್ಕೊಳಿ" ಎಂದೆ.

ಅವರು ಬರೆಯಲಿಲ್ಲ. "ಅವನ ಮೇಲೆ ಇನ್ನೂ ಸಿಟ್ಟಾ ಸಾರ್?"

"ಅಷ್ಟಿಲ್ಲ. ಅವನನ್ನ ಬಿಟ್ರೆ ನೀವು ಬರಲ್ವಲ್ಲ."

ಮೇಡಂ ಪೆನ್ನನ್ನು ಫೈಲಿನ ಮೇಲಿಟ್ಟರು. "ಅದಕ್ಕೋಸ್ಕರ ಒಬ್ಬನ್ನ ಒಳಗಿಡಕ್ಕಾಗತ್ತಾ ಸಾರ್?"

ಆಕ್ಷೇಪಣೆ ಇಲ್ಲವೆಂದು ಬರೆಸಿ ಸಹಿ ಹಾಕಿದೆ. ಫೈಲು ಕಟ್ಟಿದ ಮೇಲೂ ಅವರು ಏಳಲಿಲ್ಲ. ತಮ್ಮನ ಬಗ್ಗೆ ಹೇಳದೆ ಉಳಿದದ್ದನ್ನೆಲ್ಲ ನಾನು ಅವತ್ತೇ ಹೇಳಿಬಿಟ್ಟೆ.