ಅವರ ಸಾಕ್ಷಿ, ನನ್ನ ತೋಳು

ನನ್ನ ಯಜಮಾನರು ಕುಡಿಯುವುದನ್ನು ಬಿಟ್ಟ ಮೇಲೆ ನನಗೆ ಸುಸ್ತು ಶುರುವಾಯಿತು ಎಂದರೆ ಯಾರೂ ನಂಬುವುದಿಲ್ಲ. ಕುಡಿಯುತ್ತಿದ್ದಾಗ ಹೆದರಿಕೆ ಇತ್ತು. ಹೆದರಿಕೊಂಡವಳಿಗೆ ಸುಸ್ತಾಗಲು ಬಿಡುವೆಲ್ಲಿ? ಬಿಟ್ಟ ಮೇಲೆ ಅವರು ಅದನ್ನೆಲ್ಲ ಊರೂರಿಗೆ ಹೇಳತೊಡಗಿದರು. ಕೇಳೀ ಕೇಳೀ ನಾನು ಬಳಲಿಹೋದೆ.

ನಮ್ಮದು ದೊಡ್ಡಬಳ್ಳಾಪುರದಿಂದ ಸಾಸಲು ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ರಾಗಿ, ಹುರುಳಿ, ಅವರೆ ಬೆಳೆಯುವ ಮನೆತನ. ಯುದ್ಧದ ಕಾಲವಾದ್ದರಿಂದ ಸೀಮೆಎಣ್ಣೆಗೂ ಬಟ್ಟೆಗೂ ಪರದಾಟ. ಹೆಂಡದಂಗಡಿಗೆ ಮಾತ್ರ ಯಾವ ಬರವೂ ಇರಲಿಲ್ಲ. ಯಜಮಾನರು ಸಾಯಂಕಾಲ ಅಲ್ಲಿಗೆ ಹೋದರೆ ವಾಪಸು ಬರುತ್ತಿದ್ದದ್ದು ಬೇರೆ ಯಾರೋ. ಒಂದು ದಿನ ಸಾರಿಗೆ ಉಪ್ಪಿಲ್ಲವೆಂದು ಒನಕೆ ತೆಗೆದುಕೊಂಡು ಹೊಡೆದರು. ನನ್ನ ಎಡಗೈ ಮೊಣಕೈಯ ಮೇಲೆ ಮುರಿಯಿತು. ಊರಿನವರೊಬ್ಬರು ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ಇವತ್ತಿಗೂ ಆ ಕೈ ಪೂರಾ ಚಾಚುವುದಿಲ್ಲ.

ಆಮೇಲಿನ ಬೇಸಿಗೆಯಲ್ಲಿ ಅವರಿಗೆ ವಿಷಮಜ್ವರ ಬಂದು ಪಟ್ಟಣದ ಮಿಷನ್ ಆಸ್ಪತ್ರೆಗೆ ಸೇರಿಸಿದೆವು. ಬದುಕುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಅಲ್ಲಿಗೆ ಬರುತ್ತಿದ್ದ ಉಪದೇಶಿಗಳೊಬ್ಬರು ಅವರ ಮಂಚದ ಪಕ್ಕ ಕೂತು ದಿನಾ ಪ್ರಾರ್ಥನೆ ಮಾಡುತ್ತಿದ್ದರು. ಜ್ವರ ಇಳಿದ ಮೇಲೆ ಇವರು ಗೋಡೆ ಕಡೆ ಮುಖ ಮಾಡಿಕೊಂಡು ಅತ್ತರು. ಮನೆಗೆ ಬಂದವರು ಹೆಂಡದಂಗಡಿಯ ದಾರಿಯನ್ನೇ ಮರೆತರು. ಇದು ನಿಜ, ಇದರಲ್ಲಿ ನಾನು ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಿ ಹೇಳುವುದಿಲ್ಲ. ಆ ಮನುಷ್ಯ ಬದಲಾದರು. ಆ ಸುಗ್ಗಿ ಮುಗಿದ ಮೇಲೆ ನಾವಿಬ್ಬರೂ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತರಾದೆವು. ಭಾವನವರು ಪಾಲು ಮಾಡಿ, ಹೊಲದ ಮೇಲ್ಭಾಗದ ತುಂಡನ್ನೂ ದನದ ಕೊಟ್ಟಿಗೆಯ ಅರ್ಧವನ್ನೂ ನಮಗೆ ಕೊಟ್ಟು ಮಾತು ಬಿಟ್ಟರು. ನಾನು ಕುಂಕುಮ ಬಿಟ್ಟೆ. ಬಾವಿಯ ಹತ್ತಿರ ಹೆಂಗಸರು, "ಗಂಡ ಗುಂಡುಕಲ್ಲಿನಂಗವ್ನೆ, ಬರೀ ಹಣೇಲಿ ತಿರುಗ್ತಾಳಲ್ಲ" ಎಂದು ನನಗೆ ಕೇಳಿಸುವ ಹಾಗೆಯೇ ಆಡಿಕೊಂಡರು. ಆಡಿಕೊಳ್ಳಲಿ ಎಂದು ಕೊಡ ಎತ್ತಿಕೊಂಡು ಬಂದೆ.

ಯಜಮಾನರಿಗೆ ದೇವರು ಸಿಡಿಲಿನ ಹಾಗೆ ಬಂದರು. ನನಗೆ ಹಾಗೇನೂ ಆಗಲಿಲ್ಲ. ಹೆಪ್ಪು ಹಾಕಿಟ್ಟ ಹಾಲು ಯಾವಾಗ ಮೊಸರಾಯಿತು ಎಂದು ಹೇಳಲಾಗುತ್ತದೆಯೇ? ನನ್ನದೂ ಹಾಗೆ. ಹೊಲದಲ್ಲಿ ಕಳೆ ಕೀಳುತ್ತಾ ಒಬ್ಬಳೇ ಮಾತಾಡಿಕೊಳ್ಳುತ್ತಿದ್ದೆ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಒಂದು ದಿನ ಅನ್ನಿಸಿತು. ಅಷ್ಟೇ. ಅದನ್ನು ಎದ್ದು ನಿಂತು ಹೇಳು ಎಂದರೆ ಹೇಳುವಂಥದ್ದು ಏನೂ ಇಲ್ಲ.

ನಮ್ಮ ಸಭೆಯಲ್ಲಿ ಎದ್ದು ನಿಂತು ಹೇಳುವುದೇ ದೊಡ್ಡದು. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಮೊದಲು ಹೇಗಿದ್ದೆ, ದೇವರು ಹೇಗೆ ಸಿಕ್ಕಿದ, ಈಗ ಹೇಗಿದ್ದೇನೆ ಎಂದು ಎಲ್ಲರ ಮುಂದೆ ಹೇಳಬೇಕು. ಮೊದಲಿನದು ಎಷ್ಟು ಕೆಟ್ಟದಾಗಿದ್ದರೆ ಕೇಳುವವರಿಗೆ ಅಷ್ಟು ರುಚಿ. ಇವರ ಸಾಕ್ಷಿಯಲ್ಲಿ ಹೆಂಡ, ಒನಕೆ, ಮುರಿದ ಕೈ, ಸಾವಿನ ಬಾಗಿಲು ಎಲ್ಲವೂ ಇದ್ದವು. ಮೊದಲ ಸಲ ಹೇಳಿದಾಗ ಅವರು ಅತ್ತುಬಿಟ್ಟರು, ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಉಪದೇಶಿಗಳು ಒಳ್ಳೆಯವರೇ, ಆದರೆ ಸಿಕ್ಕಿದ ಎತ್ತನ್ನು ಹೂಡದೆ ಬಿಡುವವರಲ್ಲ. ಅವತ್ತಿನಿಂದ ಇವರನ್ನು ಸಾಸಲಿಗೆ, ದೊಡ್ಡಬೆಳವಂಗಲಕ್ಕೆ, ಕರೆದ ಊರಿಗೆಲ್ಲ ಕರೆದುಕೊಂಡು ಹೋದರು. ನಾನೂ ಹೋಗಬೇಕು. ಹೆಂಡತಿ ಎದುರಿಗೆ ಕೂತಿದ್ದರೆ ಜನ ನಂಬುತ್ತಾರಂತೆ.

ಹೇಳುತ್ತಾ ಹೇಳುತ್ತಾ ಯಜಮಾನರಿಗೆ ಮಾತು ಪಳಗಿತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಒನಕೆ ಎತ್ತಿದ ಹಾಗೆ ಕೈ ಎತ್ತಬೇಕು, ಎಲ್ಲ ಬಂತು. "ಇದೇ ಕೈ, ಅಣ್ಣಗಳಿರಾ, ಇದೇ ಕೈ!" ಎನ್ನುತ್ತಿದ್ದರು. ಆಗ ಗಂಡಸರೆಲ್ಲ ಹೆಂಗಸರ ಚಾಪೆಯಲ್ಲಿ ಕೂತ ನನ್ನ ಕಡೆ ತಿರುಗುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಹೆಂಗಸರು ಸುತ್ತಿಕೊಳ್ಳುತ್ತಿದ್ದರು. "ಇದೇ ಏನಮ್ಮಾ ಆ ಕೈ? ಸ್ವಲ್ಪ ತೋರ್ಸವ್ವಾ." ಸಂತೆಯಲ್ಲಿ ಹಸುವಿನ ಹಲ್ಲು ನೋಡುವ ಹಾಗೆ ನನ್ನ ತೋಳನ್ನು ಹಿಡಿದು ತಿರುಗಿಸಿ ನೋಡಿದವರಿದ್ದಾರೆ. ನನಗೆ ಮೈ ಉರಿಯುತ್ತಿತ್ತು. ಉರಿದರೂ ನಗಬೇಕಿತ್ತು, ಏಕೆಂದರೆ ಹಳೆಯದನ್ನು ಬಿಟ್ಟವಳು ನಾನು. ನಿಜ ಹೇಳಬೇಕೆಂದರೆ ಬಿಡಲು ಅವರು ಬಿಟ್ಟಿದ್ದರೆ ತಾನೇ? ಶನಿವಾರದವರೆಗೆ ಹೇಗೋ ಮರೆತಿರುತ್ತಿದ್ದೆ. ಭಾನುವಾರ ಮತ್ತೆ ಒನಕೆ ಏಟು.

ಹಾಗೇ ನಡೆದುಹೋಗುತ್ತಿತ್ತೋ ಏನೋ. ಆದರೆ ಮಗಳಿದ್ದಳು.

ಅವಳು ಹುಟ್ಟಿದ್ದು ಇದೆಲ್ಲ ಮುಗಿದ ಮೇಲೆ. ಅವಳಿಗೆ ಗೊತ್ತಿದ್ದದ್ದು ಹೆಗಲ ಮೇಲೆ ಹೊತ್ತು ಹೊಲ ತೋರಿಸುವ ಅಪ್ಪ, ಹಸಿ ಅವರೆಕಾಯಿ ಸುಲಿದು ಬಾಯಿಗಿಡುವ ಅಪ್ಪ. ಪ್ರಾರ್ಥನೆಯ ಕೂಟಗಳಲ್ಲಿ ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ನಿದ್ದೆ ಮಾಡುತ್ತಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ನಾನು ರಾಗಿ ಕೇರುತ್ತಿದ್ದೆ. ಅವಳು ಕೊಟ್ಟಿಗೆಯ ಕಟ್ಟೆಯ ಮೇಲೆ ಪಕ್ಕದ ಮನೆ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಆಟವಾಡುತ್ತಿದ್ದಳು. ಹಳೆಯ ಬಟ್ಟೆ ಸುತ್ತಿ ನಾನೇ ಮಾಡಿಕೊಟ್ಟಿದ್ದ ಗೊಂಬೆಯನ್ನು ಎದುರಿಗೆ ಇಟ್ಟುಕೊಂಡಿದ್ದಳು. ಕೈಯಲ್ಲಿ ತೊಗರಿ ಕಡ್ಡಿ. "ಇದೇ ಕೈ, ಅಣ್ಣಗಳಿರಾ, ಇದೇ ಕೈ!" ಎಂದು ಅಪ್ಪನ ಹಾಗೆಯೇ ಕೂಗಿ ಗೊಂಬೆಗೆ ಬಡಿದಳು. ಬಡಿದು ಬಡಿದು ಗೊಂಬೆಯ ತೋಳು ಕಿತ್ತುಬಂತು. ಆಮೇಲೆ ಕಣ್ಣು ಮುಚ್ಚಿ, ಕೈಮುಗಿದು, ಕೂಟದ ಕೊನೆಗೆ ಹೇಳುವ ಹಾಗೆ "ಸ್ತೋತ್ರ" ಎಂದಳು. ಮಕ್ಕಳೆಲ್ಲ ಒಟ್ಟಿಗೆ "ಸ್ತೋತ್ರ" ಎಂದರು. ಆಮೇಲೆ ಇನ್ನೊಂದು ಹುಡುಗಿ ಎದ್ದು, "ಈಗ ನಾನು ಹೊಡೀತೀನಿ, ಕೊಡೇ" ಎಂದಳು.

ನಾನು ಮೊರ ಕೆಳಗಿಟ್ಟೆ. ಮಗಳನ್ನು ಬೈಯಲಿಲ್ಲ, ಬೈಯುವುದಾದರೂ ಏನೆಂದು? ಅವಳೇ ಹತ್ತಿರ ಬಂದು ನನ್ನ ಮೊಣಕೈ ಮುಟ್ಟಿ ಕೇಳಿದಳು: "ಅಮ್ಮಾ, ಅಪ್ಪ ನಂಗೂ ಹೊಡೀತಾನಾ?"

"ಇಲ್ಲ ಕಣೇ. ಅಪ್ಪ ಈಗ ಯಾರ್ಗೂ ಹೊಡಿಯಲ್ಲ."

"ಮತ್ತೆ ದಿನಾ ಹೇಳ್ತಾನಲ್ಲ?"

ಅವತ್ತು ಸಾಯಂಕಾಲ ಯಜಮಾನರು ಬಂದಾಗ ಅವಳು ಎಂದಿನಂತೆ ಓಡಿಹೋಗಲಿಲ್ಲ. ಕಂಬ ಹಿಡಿದುಕೊಂಡು ನಿಂತು ಅವರ ಕೈಯನ್ನೇ ನೋಡುತ್ತಿದ್ದಳು. ನಾನು ಕಳೆದುಕೊಂಡದ್ದು ಹೋಗಲಿ, ಈ ಮಗುವಿಗೆ ಒಬ್ಬ ಒಳ್ಳೆಯ ಅಪ್ಪ ಸಿಕ್ಕಿದ್ದ. ಅವನನ್ನೂ ಇವರೇ ಕೂಟಕ್ಕೊಂದಿಷ್ಟು ಎಂದು ಖರ್ಚು ಮಾಡುತ್ತಿದ್ದರಲ್ಲ. ಊಟಕ್ಕೆ ಬಡಿಸುತ್ತಾ, "ಇನ್ನು ಆ ವಿಷಯ ಎತ್ತಬೇಡಿ, ಮಗು ಹೆದರ್ಕೊಂಡಿದೆ" ಎಂದೆ.

"ಅದೇ ಕಣೇ ನನ್ನ ಸಾಕ್ಷಿ. ಅದ್ನ ಮುಚ್ಚಿಟ್ರೆ ದೇವರಿಗೆ ಮೋಸ ಮಾಡ್ದಂಗಲ್ವಾ?" ಎಂದರು. ಅವರು ಮೊಂಡುತನಕ್ಕೆ ಹೇಳಲಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದರು. ಅದಕ್ಕೇ ನನಗೆ ಇನ್ನೂ ಆಯಾಸವಾಯಿತು.

ಮುಂದಿನ ಭಾನುವಾರ ದೊಡ್ಡಬೆಳವಂಗಲದಲ್ಲಿ ಕೂಟ. ಯುದ್ಧ ಮುಗಿದರೂ ಸೀಮೆಎಣ್ಣೆ ಸಿಗದೆ ಕೂಟಗಳೆಲ್ಲ ಹಗಲಿಗೇ ಬಂದಿದ್ದವು. ಒಬ್ಬರ ಕಣದಲ್ಲಿ ಚಪ್ಪರ ಹಾಕಿದ್ದರು, ಜನ ಚೆನ್ನಾಗಿ ಸೇರಿದ್ದರು. ಮಗಳು ನನ್ನ ತೊಡೆಯ ಮೇಲಿದ್ದಳು, ಕಣ್ಣು ಪೂರಾ ತೆರೆದಿತ್ತು. ಯಜಮಾನರು ಎದ್ದರು. ಹೆಂಡದಂಗಡಿ ಮುಗಿಯಿತು, ಉಪ್ಪಿಲ್ಲದ ಸಾರು ಬಂತು. ಅವರು ಕೈ ಎತ್ತಿದರು. ಮಗಳು ನನ್ನ ಸೀರೆಯನ್ನು ಹಿಡಿದುಕೊಂಡಳು.

ನಾನು ಎದ್ದು ನಿಂತೆ. ಎದ್ದದ್ದು ಧೈರ್ಯದಿಂದಲ್ಲ, ಕೂತು ಕೂತು ಸಾಕಾಗಿತ್ತು.

"ಅಯ್ಯನೋರೇ," ಎಂದು ಉಪದೇಶಿಗಳ ಕಡೆ ತಿರುಗಿ ಹೇಳಿದೆ, "ಏಟು ತಿಂದೋಳು ನಾನು. ನಾನು ಕ್ಷಮಿಸಿ ಆಯ್ತು. ಇನ್ಮೇಲೆ ಆ ಒನಕೆ ಮಾತು ಅವರದಲ್ಲ, ನಂದು. ಅದ್ನ ಬಿಟ್ಟು ದೇವರು ಮಾಡಿದ್ದು ಇನ್ನೇನಾದ್ರೂ ಇದ್ರೆ ಹೇಳ್ಲಿ."

ಯಜಮಾನರ ಕೈ ಮೇಲೆಯೇ ಇತ್ತು. ಆಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಪಂಚೆಯ ಅಂಚು ಹಿಡಿದುಕೊಂಡು ಕೂತರು. ಉಪದೇಶಿಗಳು ಕೆಮ್ಮಿ ಒಂದು ಹಾಡು ಶುರು ಮಾಡಿದರು. ಹೆಂಗಸರಲ್ಲಿ ಯಾರೂ ಅವತ್ತು ನನ್ನ ತೋಳು ನೋಡಲು ಬರಲಿಲ್ಲ.

ಮನೆಗೆ ನಡೆದುಕೊಂಡೇ ಹೊರಟೆವು. ಬಿಸಿಲು ಇಳಿಯುತ್ತಿತ್ತು. ಮಗಳು ದಣಿದು ಅಪ್ಪನ ಹೆಗಲಿಗೆ ಹೋಗುತ್ತಾಳೋ ಎಂದು ನೋಡಿದೆ. ಹೋಗಲಿಲ್ಲ, ನನ್ನ ಪಕ್ಕದಲ್ಲೇ ಕಾಲೆಳೆಯುತ್ತಾ ನಡೆದಳು. ಅವರು ಮುಂದೆ, ನಾವು ಹಿಂದೆ. ಕೋಪ ಮಾಡಿಕೊಂಡಿದ್ದಾರೆ, ಮನೆಗೆ ಹೋದ ಮೇಲೆ ಏನೋ ಎಂದು ನನಗೂ ಒಂದು ಕ್ಷಣ ಹಳೆಯ ಹೆದರಿಕೆ ಬಂತು. ಇಷ್ಟು ವರ್ಷದ ಮೇಲೂ ಬಂತಲ್ಲ ಎಂದು ನನ್ನ ಮೇಲೆಯೇ ಬೇಸರವಾಯಿತು.

ಕೆರೆ ಏರಿಯ ಮೇಲೆ ಅವರು ನಿಂತರು. ನಾವು ಹತ್ತಿರ ಬರುವವರೆಗೂ ಕಾದರು.

"ಕ್ಷಮಿಸಿ ಆಯ್ತು ಅಂದ್ಯಲ್ಲ," ಎಂದರು, ನನ್ನ ಮುಖ ನೋಡದೆ. "ಯಾವಾಗ?"

ನಾನು ಯೋಚಿಸಿದೆ. ಈ ಮನುಷ್ಯ ದೇವರನ್ನು ಕ್ಷಮೆ ಕೇಳಿದ್ದರು, ಉಪದೇಶಿಗಳನ್ನು ಕೇಳಿದ್ದರು, ಹೋಬಳಿ ಹೋಬಳಿಯ ಜನರ ಮುಂದೆ ಕಣ್ಣೀರು ಹಾಕಿ ಕೇಳಿದ್ದರು. ಒಂದೇ ಸೂರಿನ ಕೆಳಗೆ ಇದ್ದ ನನ್ನನ್ನು ಮಾತ್ರ ಕೇಳಿರಲಿಲ್ಲ. ಅದು ಅವರಿಗೂ ಆ ಏರಿಯ ಮೇಲೆಯೇ ಹೊಳೆದಿರಬೇಕು, ಮುಖ ಸಣ್ಣದಾಗಿತ್ತು.

"ಅಲ್ಲಿ ಹೇಳಿದ್ದು ಸುಳ್ಳು," ಎಂದೆ. "ಇನ್ನೂ ಕ್ಷಮಿಸಿಲ್ಲ. ನೀವು ಕೇಳಿದ್ರೆ ತಾನೇ?"

ಅಲ್ಲೇ ಏರಿಯ ಮೇಲೆ ಅವರು ಕ್ಷಮೆ ಕೇಳಿದರು. ಈ ಸಲ ಕೈ ಎತ್ತಲಿಲ್ಲ, ದನಿ ಏರಿಸಲೂ ಇಲ್ಲ ಇಳಿಸಲೂ ಇಲ್ಲ, ಮಾತು ತೊದಲಿತು. ಮಗಳು ನಮ್ಮಿಬ್ಬರ ಮುಖವನ್ನೂ ನೋಡುತ್ತಾ ಕೇಳಿಸಿಕೊಂಡಳು. ಕ್ಷಮಿಸಿದೆ ಎಂದು ನಾನು ತಕ್ಷಣ ಹೇಳಲಿಲ್ಲ. ಹೇಳಲು ನನಗೆ ಆ ಮಳೆಗಾಲ ಪೂರ್ತಿ ಬೇಕಾಯಿತು, ಅವರು ಕಾದರು.