ಬದುವಿನ ಪಕ್ಕದ ಅರ್ಧ ಕಾಲುವೆ

ನನ್ನ ಗಂಡ ಕಾಲುವೆ ತೋಡಲು ಹೋದದ್ದರ ಹಿಂದಿನ ದಿನ ಸಂಜೆ ನಾನು ಮಂಡಕ್ಕಿ ಒಗ್ಗರಣೆ ಮಾಡಿದ್ದೆ. ಅವರು ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದರು. ದೊಡ್ಡ ದೇಶಗಳ ಮಂತ್ರಿಗಳು ಎಲ್ಲೋ ಸೇರಿ, ಯಾರು ಎಷ್ಟು ಹೊಗೆ ಕಡಿಮೆ ಮಾಡಬೇಕೆಂಬ ಮಾತು ಮುಗಿಯದೆ ಎದ್ದು ಹೋಗಿದ್ದರು. ನಮ್ಮ ಮೇಲಿನ ಗದ್ದೆಯವನೂ ಬಂದು ಬಾಗಿಲ ಹತ್ತಿರ ಕೂತು ಅದನ್ನೇ ನೋಡುತ್ತಿದ್ದ.

ನಮ್ಮದು ಸೂಳೆಕೆರೆ ನೀರಿನ ಭತ್ತ. ಇಲ್ಲಿ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತದೆ, ಮೇಲಿನವನ ಗದ್ದೆ ತುಂಬಿದರೆ ಹೆಚ್ಚಾದದ್ದು ನಮ್ಮದಕ್ಕೆ. ಸದಾ ನೀರು ನಿಂತ ಕೆಸರಿನಿಂದ ಭೂಮಿಯನ್ನು ಬಿಸಿ ಮಾಡುವ ಗಾಳಿ ಏಳುತ್ತದೆ, ನಡುನಡುವೆ ಒಣಗಲು ಬಿಟ್ಟರೆ ಅದು ಕಡಿಮೆಯಾಗುತ್ತದೆ ಎಂದು ನನ್ನ ಗಂಡ ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿಕೊಂಡು ಬಂದಿದ್ದರು. ಒಂದೇ ಒಂದು ಬೆಳೆ ಹಾಗೆ ಮಾಡಿ ನೋಡಬೇಕೆಂದು ಅವರ ಆಸೆ. ಆದರೆ ಮೇಲಿನವನು ಒಪ್ಪದೆ ನಮ್ಮ ಗದ್ದೆ ಒಣಗುವುದಿಲ್ಲ.

"ಅಮೆರಿಕದೋರು, ಚೀನಾದೋರು ಮೊದ್ಲು ನಿಲ್ಲಿಸ್ಲಿ ಬಿಡಣ್ಣ. ಆಮೇಲೆ ನನ್ನ ಗದ್ದೆ ಒಣಗಿಸ್ತೀನಿ" ಎಂದ ಅವನು.

"ಅಲ್ಲಿ ಕೂತೋರೂ ಇದನ್ನೇ ಅಂದು ಎದ್ದು ಹೋದ್ರು. ನೀನೂ ಒಂದು ಕೋಟು ಹೊಲಿಸ್ಕೊ" ಎಂದರು ನನ್ನ ಗಂಡ.

"ಕೋಟು ಬೇಕಾದ್ರೆ ಹೊಲಿಸಾಕೆ ಹಾಕ್ತೀನಿ. ನೀರು ಮಾತ್ರ ಕೇಳಬ್ಯಾಡ. ಒಂದ್ಸಲ ಒಣಗಿಸಿದ್ರೆ ಕೆರೆ ನೀರಿನ ಪಾಳಿ ಮತ್ತೆ ಯಾವಾಗ ಬರ್ತೈತೋ."

ಆ ಭಯ ಸುಳ್ಳಲ್ಲ. ನನ್ನ ಗಂಡ ತಟ್ಟೆ ಕೆಳಗಿಟ್ಟು, "ಹಂಗಾದ್ರೆ ನಮ್ಮ ಬದುವಿನ ಪಕ್ಕ ಕಾಲುವೆ ತೋಡ್ತೀನಿ. ನಮಗೆ ಬ್ಯಾಡದಾಗ ನಿನ್ನ ನೀರು ಸೀದಾ ಹಳ್ಳಕ್ಕೆ ಹೋಗ್ಲಿ" ಎಂದರು.

ಬೆಳಿಗ್ಗೆ ಗುದ್ದಲಿ ತೆಗೆದುಕೊಂಡಾಗ ನಾನು, "ಬಿಸಿಲು ಭಾಳ ಐತೆ ರೀ, ನಾಳೆ ಹೋಗ್ರಿ" ಎಂದೆ.

"ನಾಳೆ ಕಡಿಮೆ ಆಗ್ತೈತೇನು?" ಎಂದು ನಕ್ಕು ಹೋದರು.

ಮಧ್ಯಾಹ್ನ ಅವರು ಬದುವಿನ ಮೇಲೆ ಬಿದ್ದಿದ್ದನ್ನು ಕಂಡವನು ಅದೇ ಮೇಲಿನ ಗದ್ದೆಯವನು. ಆಟೊದಲ್ಲಿ ಚನ್ನಗಿರಿಗೆ ಕರೆದೊಯ್ದವನೂ ಅವನೇ. ಬಿಸಿಲು ಬಡಿದು ಜೀವ ಹೋಗಿದೆ ಎಂದರು ಡಾಕ್ಟರು.

ಹೊನ್ನಾಳಿ, ನ್ಯಾಮತಿಯಿಂದ ನೆಂಟರು ಬಂದರು, ಹೋದರು. ಎಲ್ಲರೂ ಹೋದ ಮೇಲೆ ಅವನು ಬಂದು ಅಂಗಳದಲ್ಲಿ ನಿಂತ. "ಅತ್ತಿಗೆ, ಮುಂದಿನ ಬೆಳೆಗೆ ನಾನೇ ನಡುನಡುವೆ ಗದ್ದೆ ಒಣಗಿಸ್ತೀನಿ" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಆಗ ಅವನು ಮನಸ್ಸಿನಿಂದಲೇ ಹೇಳಿದ್ದ. ಮುಂದಿನ ಬೆಳೆಯ ಹೊತ್ತಿಗೆ ನೀರಿನ ಪಾಳಿ ತಡವಾಯಿತು. ಹೆದರಿ ಎಂದಿನಂತೆ ಗದ್ದೆ ತುಂಬಿಸಿದ. ನೀರು ನಮ್ಮದಕ್ಕೂ ಇಳಿಯಿತು. ನಾನು ಕೇಳಲಿಲ್ಲ. ಈಗಲೂ ದಾರಿಯಲ್ಲಿ ಸಿಕ್ಕರೆ, "ಊಟ ಆಯ್ತಾ ಅತ್ತಿಗೆ" ಎನ್ನುತ್ತಾನೆ, ಗದ್ದೆಯ ಮಾತು ಎತ್ತುವುದಿಲ್ಲ.

ಮೊನ್ನೆ ಟಿವಿಯಲ್ಲಿ ಆ ಮಂತ್ರಿಗಳು ಮತ್ತೆ ಸೇರಿದ್ದರು. ಈ ಸಲ ಒಪ್ಪಿಕೊಂಡು ಕೈ ಕುಲುಕಿದರು. ಯಾರು ಎಷ್ಟು, ಯಾವಾಗಿನಿಂದ ಎಂಬುದನ್ನು ಮುಂದಿನ ಸಭೆಯಲ್ಲಿ ನೋಡುತ್ತಾರಂತೆ. ಪೂರ್ತಿ ಕೇಳುವ ತ್ರಾಣ ನನಗಿರಲಿಲ್ಲ. ಟಿವಿ ಆರಿಸಿ ಪಾತ್ರೆ ತೊಳೆಯಲು ಹೋದೆ.

ಕಾಲುವೆ ಬದುವಿನ ಅರ್ಧಕ್ಕೆ ನಿಂತಿದೆ. ಆಳು ಕರೆದು ತೋಡಿಸಬಹುದು, ಆದರೆ ಆ ಬಿಸಿಲಿಗೆ ಇನ್ನೊಬ್ಬರನ್ನು ಕಳಿಸಲು ನನ್ನಿಂದ ಆಗಿಲ್ಲ. ಉಳಿದ ಅರ್ಧ ಇನ್ನೂ ಆಗಿಲ್ಲ.