ಬೇರೆ ಬಿಷಪ್ಪರ ಸೀಮೆಯಲ್ಲಿ ಅಮ್ಮನ ಪ್ರಭುಭೋಜನ

ಅಮ್ಮನ ಹೃದಯದ ಆಪರೇಷನ್ ಸೋಮವಾರ ಬೆಳಿಗ್ಗೆ. ಭಾನುವಾರ ಸಂಜೆ ನಾಲ್ಕಕ್ಕೆ ಆಸ್ಪತ್ರೆಗೆ ಸೇರಿಸಬೇಕಿತ್ತು. ಅದಕ್ಕೂ ಮೊದಲು, ಪಾಪ ಅರಿಕೆ ಮಾಡಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಪ್ರಭುಭೋಜನ ಕನ್ನಡದಲ್ಲಿ ಆಗಬೇಕು, ಅದೊಂದೇ ಅವಳ ಹಟ. "ಹಿಂದಿಯಲ್ಲಿ ಪಾಪ ಅರಿಕೆ ಮಾಡೋಕೆ ಬರಲ್ಲಪ್ಪ. ಮಾಡಿದ್ದೆಲ್ಲ ಕನ್ನಡದಲ್ಲೇ" ಎಂದಳು.

ದೆಹಲಿಯ ಓಖ್ಲಾದಲ್ಲಿ ಅಂಗಿಯ ಗುಂಡಿ, ಜಿಪ್ ಮಾರುತ್ತಲೇ ಮೇಲೆ ಬಂದವನು ನಾನು. ಮಾತಾಡಿದರೆ ಆಗದ ಕೆಲಸವಿಲ್ಲ ಎಂದು ನಂಬಿದವನು. ಊರಿನ ಚರ್ಚಿನ ನಿವೃತ್ತ ಪಾದ್ರಿ ಅಯ್ಯನವರಿಗೆ ವಿಮಾನದ ಟಿಕೆಟ್ ಕಳಿಸಿದೆ. ಇಂದಿರಾಪುರಂನ ನಮ್ಮ ಫ್ಲಾಟಿಗೆ ಹತ್ತು ಕನ್ನಡ ಮನೆಯವರನ್ನು ಕರೆದೆ. ಭಾನುವಾರ ಬೆಳಿಗ್ಗೆ ಬಂದಿಳಿದ ಅಯ್ಯನವರು ಕಾಫಿ ಲೋಟ ಹಿಡಿದು ಕೇಳಿದ್ದು ಒಂದೇ.

"ಇಲ್ಲಿನ ಬಿಷಪ್ಪರ ಅನುಮತಿ ಎಲ್ಲಪ್ಪ?"

"ಮನೆಯೊಳಗೆ ಮಾಡೋದಕ್ಕೂ ಅನುಮತೀನಾ? ಯಾರಿಗೆ ಗೊತ್ತಾಗುತ್ತೆ ಅಯ್ಯನವರೇ?"

"ನನಗೆ ಗೊತ್ತಾಗುತ್ತಲ್ಲ! ಕೊಲ್ಲಿ ದೇಶದಲ್ಲಿ ಕನ್ನಡ ಸಭೆ ಶುರು ಮಾಡಿದವನು ನಾನು. ಅಲ್ಲಿನ ಆಂಗ್ಲಿಕನ್ ಬಿಷಪ್ಪರು ಹೂಂ ಅನ್ನೋವರೆಗೆ ಬರೀ ಹಾಡು, ಪ್ರಾರ್ಥನೆ. ರೊಟ್ಟಿ ಮುಟ್ಟಲಿಲ್ಲ. ಪರದೇಶವಾಗಲಿ, ಪರವೂರಾಗಲಿ, ಸೀಮೆ ಯಾವ ಬಿಷಪ್ಪರದೋ ಅವರನ್ನು ಕೇಳದೆ ನಾನು ಪ್ರಭುಭೋಜನ ನಡೆಸೋ ಹಾಗಿಲ್ಲ."

ಚಿಕ್ಕದಾಗಿ ಮುಗಿಸೋಣ ಎಂದೆ, ಬಾಗಿಲು ಹಾಕಿಕೊಳ್ಳೋಣ ಎಂದೆ. ಅಯ್ಯನವರು ಜಗ್ಗಲಿಲ್ಲ. ಬಿಷಪ್ಪರ ಕಾರ್ಯದರ್ಶಿಯ ನಂಬರು ಹುಡುಕಿ ಫೋನ್ ಹಚ್ಚಿದೆ.

"ಅಚ್ಛಾ, ನೀವು ಯಾವ ಚರ್ಚಿನವರು?" ಎಂದರು ಅವರು.

ಊರಿನ ಚರ್ಚಿನ ಹೆಸರು ಹೇಳಿದೆ. ದೆಹಲಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ನನ್ನ ಹೆಸರು ಇದ್ದದ್ದು ಆ ಸಭೆಯ ಸದಸ್ಯರ ಪುಸ್ತಕದಲ್ಲಿ. ಅಲ್ಲಿ ಹೆಸರು ತೆಗೆಸಿದರೆ ಅಪ್ಪನ ಗೋರಿಯ ಪಕ್ಕದ ಜಾಗ ಕೈತಪ್ಪುತ್ತಲ್ಲ! ಆ ಹತ್ತು ಮನೆಯವರದೂ ಇದೇ ಲೆಕ್ಕಾಚಾರ. "ಹಾಗಾದರೆ ನಿಮ್ಮ ಪರವಾಗಿ ಇಲ್ಲಿನ ಪಾದ್ರಿಯೊಬ್ಬರು ಕೇಳಬೇಕು" ಎಂದು ಅವರು ಫೋನ್ ಇಟ್ಟರು.

ಆಗ ಹನ್ನೊಂದು ಗಂಟೆ. ಮನೆಗೆ ಹತ್ತಿರದ ಚರ್ಚಿಗೆ ಓಡಿದೆ. ಆರಾಧನೆ ಮುಗಿಸಿ ನಿಲುವಂಗಿ ಮಡಚುತ್ತಿದ್ದ ಪಾದ್ರಿಗಳು ನನ್ನನ್ನು ನೋಡಿ ನಕ್ಕರು. "ಭಾಯಿಸಾಬ್, ಪ್ರತಿ ಭಾನುವಾರ ನಮ್ಮ ಗೇಟಿಗೆ ಕಾರು ಅಡ್ಡ ನಿಲ್ಲಿಸಿ ತರಕಾರಿ ತಗೊಳ್ಳೋರು ನೀವೇ ಅಲ್ವಾ?" ಆದರೂ ಕೂತು ಕೇಳಿದರು, ಬಿಷಪ್ಪರಿಗೆ ಮೆಸೇಜ್ ಬರೆದರು, ನನ್ನ ಕೈಗೆ ಸದಸ್ಯತ್ವದ ಫಾರಂ ಕೊಟ್ಟರು.

ಒಂದು ಗಂಟೆಯಾಯಿತು, ಎರಡಾಯಿತು. ನಮ್ಮ ಫ್ಲಾಟಿನ ಹಾಲಿನಲ್ಲಿ ಹಾಡುತ್ತಿದ್ದವರ ಕಣ್ಣೆಲ್ಲ ನನ್ನ ಫೋನಿನ ಮೇಲೆ. ಅಮ್ಮ ಆಸ್ಪತ್ರೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು. ಅವಳು ಬೈದಿದ್ದರೆ ವಾಸಿಯಿತ್ತು.

ಮೂರಕ್ಕೆ ಬಿಷಪ್ಪರೇ ಫೋನ್ ಮಾಡಿದರು. "ಆಗಲಿ. ಇವತ್ತು ಮಾತ್ರ, ಆ ಮನೆಯಲ್ಲಿ, ಆ ತಾಯಿಗೋಸ್ಕರ. ಇದನ್ನೇ ಒಂದು ಬೇರೆ ಕನ್ನಡ ಸಭೆ ಅಂತ ಮಾಡಬೇಡಿ."

ಅಭ್ಯಾಸಬಲ, ಬಾಯಿ ತಡೆಯಲಿಲ್ಲ. "ಸರ್, ತಿಂಗಳಿಗೊಮ್ಮೆಯಾದರೂ—"

"ಫೋನ್ ಇಡೋ! ನನ್ನ ಟೈಮಲ್ಲಿ ವ್ಯಾಪಾರಕ್ಕೆ ಕೂತ!" ಎಂದಳು ಅಮ್ಮ.

ಪಾಪದ ಅರಿಕೆಯಲ್ಲಿ ಅವಳ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ನನ್ನ ಮಾತು ಕೇಳಿ: ಎಲ್ಲಿ ಉಸಿರಾಡುತ್ತೀರೋ ಅಲ್ಲಿನ ಪುಸ್ತಕದಲ್ಲಿ ಮೊದಲು ಹೆಸರು ಬರೆಸಿ, ಗೋರಿಯ ಚಿಂತೆ ಆಮೇಲೆ. ಮಾರನೆಯ ಬೆಳಿಗ್ಗೆ ಆಪರೇಷನ್ ಕೋಣೆಯ ಹೊರಗೆ ಕೂತು ಆ ಸದಸ್ಯತ್ವದ ಫಾರಂ ತೆಗೆದೆ. ಮೊದಲ ಸಾಲಿನಲ್ಲಿ ಅಮ್ಮನ ಹೆಸರು ಬರೆದೆ. ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಆರಿರಲಿಲ್ಲ.